ಉಳಿಗೆ ಒಲಿಯುವ ಮರ

ಬೆಲೆಬಾಳುವ ಮರವೇ ಒಳ್ಳೆಯ ಮರ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ಬಾಗಿಲಿಗೆ ಸಾಗುವಾನಿ, ಮಂಚಕ್ಕೆ ಬೀಟೆ, ಅವು ಕೈಗೆಟುಕದಿದ್ದರೆ ಹೊನ್ನೆ, ಮತ್ತಿ, ಹಲಸು ಎಂದು ಮನೆ ಕಟ್ಟುವವರು ಲೆಕ್ಕ ಹಾಕುತ್ತಾರೆ. ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವವರು ಈ ಪಟ್ಟಿಯನ್ನು ಪಕ್ಕಕ್ಕಿಟ್ಟು ಆಲೆ ಮರವನ್ನು ಕೈಗೆತ್ತಿಕೊಂಡರು. ಬಡಗಿಗಳು ಅಷ್ಟಾಗಿ ಲೆಕ್ಕಕ್ಕೇ ತೆಗೆದುಕೊಳ್ಳದ ಮರವದು. ತೊಲೆಗೆ ಬೇಕಾದ ಉದ್ದವಿಲ್ಲ, ಹಲಗೆಗೆ ಬೇಕಾದ ಅಗಲವಿಲ್ಲ, ಮಳೆ–ಬಿಸಿಲಿಗೆ ಬಿಟ್ಟರೆ ಬಾಳಿಕೆಯೂ ಇಲ್ಲ. ಅಂಥ ಮರ ಲೇತ್ ಏರಿದ ಕೂಡಲೇ ಸಾಗುವಾನಿಯನ್ನು ಹಿಂದೆ ಹಾಕುತ್ತದೆ. ಅದು ಹೇಗೆ ಎಂದು ವಿಚಾರಿಸುತ್ತ ಹೋದರೆ ಕಡೆತದ ಕಸುಬಿನ ಅರ್ಧ ತಿಳಿವಳಿಕೆ ಅಲ್ಲೇ ಸಿಗುತ್ತದೆ.

ಕೆತ್ತುವ ಕೆಲಸಕ್ಕೂ ಕಡೆಯುವ ಕೆಲಸಕ್ಕೂ ಒಂದು ಮೂಲಭೂತ ವ್ಯತ್ಯಾಸವಿದೆ. ಕೆತ್ತುವವರು ಮರದ ನಾರು ಯಾವ ಕಡೆಗೆ ಓಡುತ್ತಿದೆ ಎಂದು ನೋಡಿ ಉಳಿಯ ದಿಕ್ಕು ಬದಲಿಸಬಲ್ಲರು. ಗಂಟು ಸಿಕ್ಕಲ್ಲಿ ನಿಂತು, ಬಳಸಿ ಮುಂದೆ ಹೋಗಬಲ್ಲರು. ಲೇತ್‌ನಲ್ಲಿ ಆ ಸಾವಕಾಶವಿಲ್ಲ. ಉಳಿ ಒಂದೆಡೆ ನಿಂತಿರುತ್ತದೆ, ಮರ ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಸುತ್ತು ಹೊಡೆಯುತ್ತಿರುತ್ತದೆ. ಪ್ರತಿ ಸುತ್ತಿನಲ್ಲೂ ಮರದ ಎಲ್ಲ ಮಗ್ಗುಲುಗಳೂ ಒಂದೇ ಅಲಗಿಗೆ ಎದುರಾಗುತ್ತವೆ. ಒಂದು ಮಗ್ಗುಲು ಮೆತ್ತಗೆ, ಇನ್ನೊಂದು ಗಟ್ಟಿಯಾಗಿದ್ದರೆ ಉಳಿ ಕುಣಿಯುತ್ತದೆ, ಮೇಲ್ಮೈ ಅಲೆಅಲೆಯಾಗುತ್ತದೆ. ಹೀಗಾಗಿ ಮರದ ಬೆಲೆ, ಹೆಸರು, ಗಟ್ಟಿತನ ಎಲ್ಲವೂ ಆಮೇಲಿನ ಮಾತು. ಕಡೆದ ವಸ್ತು ಯಾರ ಕೈಗೆ ಹೋಗುತ್ತದೆ, ಅಲ್ಲಿ ಅದು ಏನು ಕೆಲಸ ಮಾಡಬೇಕು ಎಂಬುದನ್ನು ಮೊದಲು ನಿರ್ಧರಿಸಿಕೊಂಡರೆ ಮರ ತಾನಾಗಿ ಗೊತ್ತಾಗುತ್ತದೆ.

ಆಲೆಯ ಗುಣ

ಆಲೆ ಮರದ ಸಸ್ಯಶಾಸ್ತ್ರೀಯ ಹೆಸರು ರೈಟಿಯಾ ಟಿಂಕ್ಟೋರಿಯಾ. ಕಣಗಿಲೆಯ ಕುಟುಂಬಕ್ಕೆ ಸೇರಿದ ಇದರ ಎಲೆ ಕಿತ್ತರೆ ಬಿಳಿ ಹಾಲು ಒಸರುತ್ತದೆ. ಮಲ್ಲಿಗೆಯನ್ನು ಹೋಲುವ ಬಿಳಿ ಹೂ. ಕಾಯಿಗಳು ಜೋಡಿಜೋಡಿಯಾಗಿ ಇಳಿಬಿದ್ದು ತುದಿಯಲ್ಲಿ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಬಲಿತು ಒಡೆದಾಗ ರೇಷ್ಮೆಯಂಥ ಕೂದಲು ಹೊತ್ತ ಬೀಜಗಳು ಗಾಳಿಗೆ ತೇಲುತ್ತವೆ. ಎಲೆಯಿಂದ ಹಿಂದೆ ನೀಲಿ ಬಣ್ಣ ತೆಗೆಯುತ್ತಿದ್ದರು. ಬಯಲುಸೀಮೆಯ ಕಲ್ಲುಗುಡ್ಡ, ಒಣ ಕುರುಚಲು ಕಾಡು, ಹೊಲದ ಬೇಲಿ ಇದರ ನೆಲೆ. ಕರಾವಳಿಯವರು ಆಟಿ ಅಮಾವಾಸ್ಯೆಯಂದು ಕಷಾಯಕ್ಕೆ ತೊಗಟೆ ತರುವ ಹಾಲೆ ಮರ ಬೇರೆ. ಅದು ಅಲ್‌ಸ್ಟೋನಿಯಾ ಜಾತಿಯ ದೊಡ್ಡ ಮರ, ಅದರ ಕಟ್ಟಿಗೆ ಇನ್ನೂ ಮೆದು. ಮರ ಕೊಳ್ಳುವಾಗ ಈ ಎರಡನ್ನೂ ಕಲೆಸಿಕೊಳ್ಳಬಾರದು.

ಆಲೆಯ ಒಂದು ತುಂಡನ್ನು ಅಡ್ಡಕ್ಕೆ ಕೊಯ್ದು, ಮುಖವನ್ನು ನಯಗೊಳಿಸಿ ಭೂತಗನ್ನಡಿಯಲ್ಲಿ ನೋಡಬೇಕು. ನೀರು ಸಾಗಿಸುವ ರಂಧ್ರಗಳು ಬರಿಗಣ್ಣಿಗೆ ಸಿಗದಷ್ಟು ಸಣ್ಣವು, ಮುಖದ ತುಂಬ ಒಂದೇ ಸಮನೆ ಚದುರಿಕೊಂಡಿವೆ. ವರ್ಷದ ಉಂಗುರಗಳು ಅಸ್ಪಷ್ಟ. ಹೊರಗಿನ ಎಳೆಯ ಮರಕ್ಕೂ ನಡುವಿನ ಚೇಗಿಗೂ ಬಣ್ಣದಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ; ಇಡೀ ತುಂಡು ಕೆನೆಬಿಳಿ. ಪಕ್ಕದಲ್ಲಿ ಸಾಗುವಾನಿಯ ತುಂಡಿಟ್ಟರೆ ಚಿತ್ರವೇ ಬೇರೆ. ಪ್ರತಿ ಉಂಗುರದ ಆರಂಭದಲ್ಲಿ ದೊಡ್ಡ ರಂಧ್ರಗಳ ಸಾಲು, ಬಳಿಕ ಒತ್ತಾದ ಗಟ್ಟಿ ಭಾಗ, ಮತ್ತೆ ರಂಧ್ರಗಳ ಸಾಲು. ಉಳಿಗೆ ಇದು ಏರುತಗ್ಗಿನ ದಾರಿ. ಸಾಲದ್ದಕ್ಕೆ ಸಾಗುವಾನಿಯ ಒಳಗೆ ಸಿಲಿಕಾ ಕಣಗಳಿದ್ದು ಅಲಗನ್ನು ಬೇಗ ಮೊಂಡು ಮಾಡುತ್ತವೆ. ಆಲೆಯ ಮೇಲೆ ಚೂಪಾದ ಉಳಿ ಹಿಡಿದರೆ ಸಿಪ್ಪೆ ಉದ್ದನೆಯ ರಿಬ್ಬನ್ನಿನಂತೆ ಸುರುಳಿ ಬಿಡುತ್ತದೆ, ಹಿಂದೆ ಉಳಿಯುವ ಮೈಗೆ ಉಪ್ಪುಕಾಗದದ ಉಜ್ಜಾಟ ಹೆಚ್ಚು ಬೇಕಾಗುವುದಿಲ್ಲ.

ಆಂಧ್ರದ ಏಟಿಕೊಪ್ಪಾಕದ ಗೊಂಬೆಗಾರರೂ ಇದೇ ಮರವನ್ನು ಆಯ್ದುಕೊಂಡಿದ್ದಾರೆ. ನೂರಾರು ಮೈಲಿ ದೂರದ ಎರಡು ಊರುಗಳು ಒಂದೇ ಉತ್ತರಕ್ಕೆ ಬಂದು ತಲುಪಿರುವುದಕ್ಕೆ ಕಾರಣ ಎರಡೂ ಕಡೆ ಕೇಳಿಕೊಂಡ ಪ್ರಶ್ನೆ ಒಂದೇ ಆಗಿದ್ದುದು: ಮಗುವಿನ ಕೈಗೂ ಬಾಯಿಗೂ ಹೋಗುವ, ಮೈತುಂಬ ಬಣ್ಣ ಹೊತ್ತ, ಗುಂಡನೆಯ ವಸ್ತುವಿಗೆ ಯಾವ ಮರ ಸರಿ?

ಅರಗು ಕೇಳುವ ಮೈ

ಆಲೆಯ ಮಹತ್ವ ಪೂರ್ತಿ ಅರ್ಥವಾಗಬೇಕಾದರೆ ಅರಗಿನ ಕೆಲಸವನ್ನು ಹತ್ತಿರದಿಂದ ನೋಡಬೇಕು. ಅರಗು ಒಂದು ಸಣ್ಣ ಕೀಟದ ಕೊಡುಗೆ. ಮುತ್ತುಗ, ಎಲಚಿ ಮುಂತಾದ ಮರಗಳ ಎಳೆ ಕೊಂಬೆಗಳಿಗೆ ಮುತ್ತಿ ರಸ ಹೀರುವ ಅರಗಿನ ಹುಳು ತನ್ನ ರಕ್ಷಣೆಗೆ ಸ್ರವಿಸುವ ಅಂಟು ಗಟ್ಟಿಯಾಗಿ ಅರಗಾಗುತ್ತದೆ. ದೇಶದ ಅರಗಿನಲ್ಲಿ ಹೆಚ್ಚಿನ ಪಾಲು ಜಾರ್ಖಂಡ್, ಛತ್ತೀಸಗಢದ ಕಡೆಯದು. ಶುದ್ಧಿ ಮಾಡಿದ ಅರಗನ್ನು ಕಾಯಿಸಿ, ಮೆತ್ತಗಾದಾಗ ಬಣ್ಣದ ಪುಡಿ ಸೇರಿಸಿ, ಎಳೆದು ಮಡಚಿ ನಾದಿ, ಕಡ್ಡಿಯಾಗಿ ಹೊಸೆಯುತ್ತಾರೆ. ಅರಿಶಿನ, ನೀಲಿ, ಕಾಚು ಮುಂತಾದ ಸಸ್ಯಮೂಲದ ಬಣ್ಣಗಳನ್ನು ಬಳಸುವವರೂ ಇದ್ದಾರೆ.

ಕಡೆದು ಮುಗಿದ ಗೊಂಬೆ ಲೇತ್‌ನಲ್ಲಿ ತಿರುಗುತ್ತಿರುವಾಗಲೇ ಈ ಕಡ್ಡಿಯನ್ನು ಅದರ ಮೈಗೆ ಒತ್ತಿ ಹಿಡಿಯುತ್ತಾರೆ. ಬೆಂಕಿಯಿಲ್ಲ, ಕುಂಚವಿಲ್ಲ. ತಿಕ್ಕಾಟದ ಬಿಸಿಗೆ ಕಡ್ಡಿಯ ತುದಿ ಕರಗಿ ಮರಕ್ಕೆ ಹತ್ತುತ್ತದೆ. ಮೊದಲು ಮೂಡುವುದು ಒಡ್ಡೊಡ್ಡಾದ ಪಟ್ಟೆಗಳು. ಆಗ ಕೇದಗೆಯ ಒಣ ಗರಿಯ ತುಂಡನ್ನು ಮಡಚಿ ಅದರ ಮೇಲೆ ಒತ್ತಿದರೆ ಅರಗು ಮತ್ತೆ ಬಿಸಿಯೇರಿ ಹರಡಿಕೊಳ್ಳುತ್ತದೆ, ಪಟ್ಟೆಗಳು ಕೂಡಿಕೊಳ್ಳುತ್ತವೆ, ಗರಿ ಸರಿದ ಜಾಗದಲ್ಲಿ ಕನ್ನಡಿಯ ಹೊಳಪು ಬರುತ್ತದೆ. ಒಂದು ಬಣ್ಣ ಮುಗಿದ ಗೆರೆಯಲ್ಲಿ ಉಳಿಯ ಮೂಲೆಯನ್ನು ಕೊಂಚ ತಾಗಿಸಿ ಅಂಚು ತೀಡಿ, ಇನ್ನೊಂದು ಬಣ್ಣ ಹಿಡಿಯುತ್ತಾರೆ.

ಅರಗು ಮರದಿಂದ ಕೇಳುವುದು ನಾಲ್ಕು ಗುಣ. ಮೈ ಬೆಳ್ಳಗಿರಬೇಕು, ಇಲ್ಲದಿದ್ದರೆ ಹಳದಿ ಮಂಕಾಗುತ್ತದೆ, ಕೆಂಪು ಕಪ್ಪಿಡುತ್ತದೆ. ಅರಗಿನ ಬಣ್ಣ ಅರೆಪಾರದರ್ಶಕವಾದ್ದರಿಂದ ಕೆಳಗಿನ ಮರ ಇಣುಕುತ್ತದೆ. ರಂಧ್ರ ಸಣ್ಣದಿರಬೇಕು, ಇಲ್ಲದಿದ್ದರೆ ಹೊಳಪಿನ ಮೇಲೆ ಗೀರು ಬಿದ್ದಂತೆ ಕಾಣುತ್ತದೆ. ಎಣ್ಣೆಯ ಅಂಶ ಕಡಿಮೆ ಇರಬೇಕು, ಹೆಚ್ಚಿದ್ದರೆ ಅರಗು ಹಿಡಿಯುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಮರ ಒಣಗಿರಬೇಕು. ಒಳಗೆ ಹಸಿ ಉಳಿದಿದ್ದರೆ ಆ ತೇವ ಹೊರಬರಲು ದಾರಿ ಹುಡುಕಿ ಅರಗಿನ ಪದರವನ್ನೇ ಎಬ್ಬಿಸುತ್ತದೆ. ನಾಲ್ಕನ್ನೂ ಒಟ್ಟಿಗೆ ಕೊಡುವ ಮರಗಳು ನಮ್ಮಲ್ಲಿ ಕೆಲವೇ. ಆಲೆ ಅವುಗಳಲ್ಲಿ ಒಂದು. ಟಿಪ್ಪುವಿನ ಕಾಲದಿಂದ ಬಂದಿದೆಯೆಂದು ಹೇಳಲಾಗುವ ಈ ಕಸುಬಿಗೆ 2005–06ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು.

ಅರಗಿಗೂ ಒಂದು ಮಿತಿಯಿದೆ. ಅದು ಸುಮಾರು 70ರಿಂದ 80 ಡಿಗ್ರಿ ಸೆಲ್ಸಿಯಸ್‌ಗೆ ಮೆತ್ತಗಾಗುತ್ತದೆ. ಹೀಗಾಗಿ ಗೊಂಬೆಗೆ, ಬಳೆಗೆ, ಕುಂಕುಮದ ಭರಣಿಗೆ ಅದು ಹೇಳಿಮಾಡಿಸಿದ್ದು. ಬಿಸಿ ಕಾಫಿಯ ಲೋಟಕ್ಕೆ ಸಲ್ಲದು. ಅಡುಗೆಮನೆಯ ವಸ್ತುಗಳಿಗೆ ಅಗಸೆ ಎಣ್ಣೆ ಮೇಲು. ಗಾಳಿಗೆ ಒಡ್ಡಿದಾಗ ಅದು ನಿಧಾನವಾಗಿ ಗಟ್ಟಿಯಾಗಿ ಮರದೊಳಗೇ ಪದರವಾಗಿ ನಿಲ್ಲುತ್ತದೆ. ಕೊಬ್ಬರಿ ಎಣ್ಣೆಗೆ ಆ ಗುಣವಿಲ್ಲ. ಅದು ಎಣ್ಣೆಯಾಗಿಯೇ ಉಳಿದು ಕಾಲಕ್ರಮದಲ್ಲಿ ಕಮಟು ವಾಸನೆ ಬರುತ್ತದೆ.

ನಾರು ಯಾವ ಕಡೆಗೆ?

ಮರದ ಜಾತಿಯಷ್ಟೇ ಮುಖ್ಯವಾದದ್ದು ಆ ತುಂಡನ್ನು ಲೇತ್‌ಗೆ ಯಾವ ದಿಕ್ಕಿನಲ್ಲಿ ಏರಿಸುತ್ತೇವೆ ಎಂಬುದು. ಲಟ್ಟಣಿಗೆ, ಬುಗುರಿ, ಮಂಚದ ಕಾಲು, ತೊಟ್ಟಿಲಿನ ಗೂಟ ಇವುಗಳಲ್ಲಿ ನಾರು ವಸ್ತುವಿನ ಉದ್ದಕ್ಕೆ ಸಾಗುತ್ತದೆ. ಬಲವೂ ಅಲ್ಲಿಯೇ ಇರುತ್ತದೆ. ಇಂಥ ತುಂಡಿನಲ್ಲಿ ಉಳಿ ಯಾವಾಗಲೂ ದಪ್ಪದಿಂದ ಸಣ್ಣದರ ಕಡೆಗೆ ಇಳಿಯಬೇಕು. ಆಗ ಪ್ರತಿ ನಾರಿಗೂ ಕೆಳಗಿನ ನಾರಿನ ಆಸರೆ ಸಿಗುತ್ತದೆ. ತಿರುಗಾಮುರುಗ ಹೋದರೆ ನಾರು ಕಿತ್ತು ಬರುತ್ತದೆ.

ಬಟ್ಟಲು, ತಟ್ಟೆಗಳ ಲೆಕ್ಕ ಬೇರೆ. ಅಲ್ಲಿ ನಾರು ಅಡ್ಡಕ್ಕೆ ಮಲಗಿರುತ್ತದೆ. ಒಂದು ಸುತ್ತಿಗೆ ಎರಡು ಸಲ ನಾರಿನ ಮಗ್ಗುಲು, ಎರಡು ಸಲ ನಾರಿನ ಕೊನೆ ಉಳಿಗೆ ಎದುರಾಗುತ್ತದೆ. ಹೊರಮೈಯನ್ನು ತಳದಿಂದ ಅಂಚಿನ ಕಡೆಗೆ, ಒಳಮೈಯನ್ನು ಅಂಚಿನಿಂದ ತಳದ ಕಡೆಗೆ ಕಡೆಯುವುದು ಇದೇ ಕಾರಣಕ್ಕೆ. ಬೇವಿನಂಥ ಮರಗಳಲ್ಲಿ ನಾರು ಪದರಪದರವಾಗಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಓರೆಯಾಗಿ ಹೆಣೆದುಕೊಂಡಿರುತ್ತದೆ. ನೋಡಲು ಚೆಂದದ ಪಟ್ಟೆ ಮೂಡಿದರೂ ಯಾವ ದಿಕ್ಕಿನಿಂದ ಬಂದರೂ ಒಂದು ಪದರ ಎದುರು ನಿಲ್ಲುತ್ತದೆ. ಹೊಸದಾಗಿ ಕಲಿಯುವವರು ಇಂಥ ಮರವನ್ನು ಮುಂದಕ್ಕೆ ಇಟ್ಟುಕೊಳ್ಳುವುದು ಒಳಿತು.

ಕೊಂಬೆಯ ನಟ್ಟನಡುವಿನ ತಿರುಳನ್ನೂ ಗಮನಿಸಬೇಕು. ಮರ ಒಣಗುವಾಗ ಬಿರುಕು ಹೆಚ್ಚಾಗಿ ಹುಟ್ಟುವುದು ಅಲ್ಲಿಂದಲೇ. ಬಟ್ಟಲಿನ ತಳಕ್ಕೆ ತಿರುಳು ಬಂದರೆ ಒಂದಲ್ಲ ಒಂದು ದಿನ ಅದು ಸೀಳುತ್ತದೆ. ಮಣಿ, ಉಂಗುರ, ಬಳೆಗಳಿಗೆ ಮಾತ್ರ ಇಡೀ ಕೊಂಬೆಯನ್ನು ಧೈರ್ಯವಾಗಿ ಬಳಸಬಹುದು. ನಡುವೆ ತೂತು ಕೊರೆದಾಗ ತಿರುಳೂ ಹೋಗುತ್ತದೆ. ಸಣ್ಣ ಕೊಂಬೆಯ ಆಲೆ ಸಣ್ಣ ವಸ್ತುಗಳಿಗೆ ಚೆನ್ನಾಗಿ ಹೊಂದಿಕೊಂಡಿರುವುದರಲ್ಲಿ ಈ ಜಾಣತನವೂ ಅಡಗಿದೆ.

ಹಸಿಮರ, ಒಣಮರ

ಕಡಿದ ಹೊಸತರಲ್ಲಿ ಮರದ ತೂಕದ ಬಹುಪಾಲು ನೀರೇ ಇರಬಹುದು. ಮೊದಲು ಕೋಶಗಳ ಟೊಳ್ಳಿನಲ್ಲಿರುವ ನೀರು ಹೋಗುತ್ತದೆ. ಅಲ್ಲಿಯವರೆಗೆ ಮರದ ಅಳತೆ ಬದಲಾಗದು. ಒಣಮರದ ತೂಕಕ್ಕೆ ಹೋಲಿಸಿದರೆ ತೇವ ಸುಮಾರು ಶೇ 30ಕ್ಕೆ ಇಳಿದ ಮೇಲೆ ಕೋಶದ ಗೋಡೆಯೊಳಗಿನ ನೀರು ಹೊರಡಲು ಶುರುವಾಗುತ್ತದೆ, ಆಗ ಮರ ಕುಗ್ಗುತ್ತದೆ. ಈ ಕುಗ್ಗುವಿಕೆ ಎಲ್ಲ ಕಡೆಗೂ ಸಮನಾಗಿದ್ದರೆ ಸಮಸ್ಯೆಯೇ ಇರುತ್ತಿರಲಿಲ್ಲ. ನಾರಿನ ಉದ್ದಕ್ಕೆ ಮರ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ತಿರುಳಿನಿಂದ ತೊಗಟೆಯ ದಿಕ್ಕಿಗೆ ಕುಗ್ಗುವುದರ ಸುಮಾರು ಎರಡರಷ್ಟು ಉಂಗುರದ ಗುಂಟ ಕುಗ್ಗುತ್ತದೆ.

ಒಂದು ಲೆಕ್ಕ ನೋಡಿ. ಹಸಿಮರದ ಹಲಗೆಯಲ್ಲಿ 200 ಮಿಲಿಮೀಟರ್ ವ್ಯಾಸದ ಬಟ್ಟಲು ಕಡೆದಿರಿ ಎನ್ನೋಣ. ಒಣಗಿದ ಮೇಲೆ ನಾರಿನ ಉದ್ದಕ್ಕೆ ಅದು ಹೆಚ್ಚುಕಡಿಮೆ 200 ಮಿಲಿಮೀಟರ್ ಆಗಿಯೇ ಉಳಿಯುತ್ತದೆ. ಅಡ್ಡಕ್ಕೆ ಶೇ 5ರಷ್ಟು ಕುಗ್ಗಿದರೂ 190ಕ್ಕೆ ಬರುತ್ತದೆ. ದುಂಡಗಿದ್ದ ಬಟ್ಟಲು ಮೊಟ್ಟೆಯಾಕಾರಕ್ಕೆ ತಿರುಗಿತು. ಬರಿಯ ಬಟ್ಟಲಾದರೆ ಅದೂ ಒಂದು ಚೆಲುವು. ಮುಚ್ಚಳವಿರುವ ಭರಣಿಯಾದರೆ ಮುಚ್ಚಳ ಕೂರುವುದೇ ಇಲ್ಲ.

ಇದಕ್ಕೆ ಕಸುಬುದಾರರು ಕಂಡುಕೊಂಡ ದಾರಿ ಎರಡು ಸಲ ಕಡೆಯುವುದು. ಹಸಿಯಿದ್ದಾಗ ಮರ ಬೆಣ್ಣೆಯಂತೆ ಬರುತ್ತದೆ. ಆಗ ಒರಟಾಗಿ ಕಡೆದು, ವ್ಯಾಸದ ಹತ್ತನೇ ಒಂದು ಭಾಗದಷ್ಟು ದಪ್ಪದ ಗೋಡೆ ಬಿಟ್ಟು, ನಾರಿನ ಕೊನೆಗಳಿಗೆ ಮೇಣ ಬಳಿದು, ಗಾಳಿಯಾಡುವ ನೆರಳಿನಲ್ಲಿ ಇಡುತ್ತಾರೆ. ತುಂಡಿನ ಮೇಲೆ ತೂಕ ಬರೆದಿಟ್ಟು ವಾರಕ್ಕೊಮ್ಮೆ ತೂಗಿದರೆ ಸಾಕು. ತೂಕ ಇಳಿಯುವುದು ನಿಂತಿತೆಂದರೆ ಮರ ಸುತ್ತಲಿನ ಹವೆಗೆ ಒಗ್ಗಿತು ಎಂದರ್ಥ. ಬಳಿಕ ಎರಡನೆಯ ಸಲ ಲೇತ್‌ಗೆ ಏರಿಸಿ ಬೇಕಾದ ಆಕಾರಕ್ಕೆ ತರುತ್ತಾರೆ. ಮಂಗಳೂರಿನ ತೇವದಲ್ಲಿ ಒಗ್ಗಿದ ಮರ ಕಲಬುರಗಿಯ ಬೇಸಿಗೆಯಲ್ಲಿ ಮತ್ತೆ ಕುಗ್ಗುತ್ತದೆ ಎಂಬುದನ್ನೂ ನೆನಪಿಡಬೇಕು. ವಸ್ತು ಬಾಳುವ ಊರಿನ ಹವೆಯೂ ಆಯ್ಕೆಯ ಒಂದು ಭಾಗ.

ಹಸಿತನವನ್ನೇ ಅನುಕೂಲ ಮಾಡಿಕೊಂಡವರೂ ಇದ್ದಾರೆ. ಇಂಗ್ಲೆಂಡಿನ ಹೈ ವಿಕೊಂಬ್ ಸುತ್ತಲಿನ ಚಿಲ್ಟರ್ನ್ ಬೆಟ್ಟಗಳಲ್ಲಿ ಕುರ್ಚಿ ಕಾಲು ಕಡೆಯುವವರು ಬೀಚ್ ಮರದ ಕಾಡಿನೊಳಗೇ ಬೀಡು ಬಿಡುತ್ತಿದ್ದರು. ಬಾಗಿದ ಗಳುವಿನ ಎಳೆತದಿಂದ, ಕಾಲಿನಿಂದ ತುಳಿದು ತಿರುಗಿಸುವ ಸರಳ ಲೇತ್ ಅವರದು. ದಿಮ್ಮಿಯನ್ನು ಊರಿಗೆ ಹೊರುವ ಬದಲು ಅಲ್ಲೇ ಸೀಳಿ, ಹಸಿಯಲ್ಲೇ ಕಡೆದು, ಒಣಗಿಸಿದ ಕಾಲುಗಳನ್ನು ಮಾತ್ರ ಕಾರ್ಖಾನೆಗೆ ಕಳಿಸುತ್ತಿದ್ದರು. ವಿದ್ಯುತ್ ಇಲ್ಲದ ಲೇತ್‌ಗೆ ಒಣ ಬೀಚ್‌ಗಿಂತ ಹಸಿ ಬೀಚ್ ಎಷ್ಟೋ ಹಗುರದ ಕೆಲಸ.

ನಾದಕ್ಕೆ ಬೇರೆಯೇ ಮರ

ಆಲೆ ಗೊಂಬೆಗೆ ಉತ್ತರವಾದರೆ ನಾಗಸ್ವರಕ್ಕೆ ಉತ್ತರ ಅದರ ತೀರ ವಿರುದ್ಧ ತುದಿಯ ಮರ. ತಮಿಳುನಾಡಿನ ಕುಂಭಕೋಣದ ಬಳಿಯ ನರಸಿಂಗಪೇಟ್ಟೈ ನಾಗಸ್ವರಕ್ಕೆ ಹೆಸರಾದ ಊರು. ಅಲ್ಲಿಯ ನಾಗಸ್ವರಕ್ಕೆ 2022ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿತು. ಅಲ್ಲಿನವರು ಆಚ್ಚಾ ಎನ್ನುವ, ನಮ್ಮ ಒಣ ಕಾಡುಗಳಲ್ಲಿ ಕಮರ ಎಂದು ಗುರುತಿಸುವ ಮರವನ್ನು ಬಳಸುತ್ತಾರೆ. ಭಾರತದ ಅತಿ ಭಾರದ ಮರಗಳಲ್ಲಿ ಅದೂ ಒಂದು, ನೀರಿಗೆ ಹಾಕಿದರೆ ಮುಳುಗುತ್ತದೆ. ಅದನ್ನು ಹೊಸದಾಗಿ ಕಡಿದು ತರುವುದಿಲ್ಲ. ಕೆಡವಿದ ಹಳೆಯ ಮನೆಗಳ ತೊಲೆ, ಕಂಬಗಳನ್ನು ಹುಡುಕಿ ಕೊಳ್ಳುತ್ತಾರೆ.

ಇದರ ಹಿಂದೆ ಸ್ಪಷ್ಟವಾದ ತರ್ಕವಿದೆ. ನಾಗಸ್ವರದ ಒಳಗಿನ ಕೊಳವೆ ಮೇಲಿನಿಂದ ಕೆಳಕ್ಕೆ ಹದವಾಗಿ ಅಗಲವಾಗುತ್ತ ಹೋಗಬೇಕು. ಕೊಳವೆಯ ಗೋಡೆ ಕೂದಲೆಳೆಯಷ್ಟು ಬಾಗಿದರೂ ಶ್ರುತಿ ಕೆಡುತ್ತದೆ. ಊದುವವರ ಉಸಿರಿನ ತೇವ ದಿನವೂ ಒಳಗೆ ಹೋಗಿ ಬರುತ್ತದೆ. ತಲೆಮಾರುಗಳ ಕಾಲ ಮನೆಯ ಮಾಡಿನಡಿ ಒಣಗಿದ ತೊಲೆ ಆಗಬೇಕಾದ ಬಾಗು–ಬಳುಕನ್ನೆಲ್ಲ ಮುಗಿಸಿಕೊಂಡಿರುತ್ತದೆ. ಒತ್ತಾದ ನಾರಿನಿಂದಾಗಿ ಕೊಳವೆಯ ಒಳಮೈ ಗಾಜಿನಂತೆ ನುಣುಪಾಗುತ್ತದೆ. ಪಾಶ್ಚಾತ್ಯರ ಕ್ಲಾರಿನೆಟ್, ಓಬೋಗಳಿಗೆ ನೀರಿನಲ್ಲಿ ಮುಳುಗುವ ಆಫ್ರಿಕದ ಕರಿಮರವನ್ನೇ ಆಯ್ದಿರುವುದೂ ಇದೇ ಕಾರಣಕ್ಕೆ. ಅದು ನಮ್ಮ ಬೀಟೆಯ ಸೋದರ ಜಾತಿ. ಮೃದಂಗಕ್ಕೆ ಬೇಕಾದದ್ದು ಮತ್ತೆ ಬೇರೆ: ಹಲಸು. ಬೀಟೆ, ಕಮರಗಳಿಗಿಂತ ಹಗುರ, ತೊಗಲಿನ ಬಿಗಿತ ತಾಳುವಷ್ಟು ಗಟ್ಟಿ, ದೊಡ್ಡ ದಿಮ್ಮಿಯಾಗಿ ಸಿಗುವಂಥದ್ದು. ಹೊಸದಾಗಿ ಕಡೆದಾಗ ಹಳದಿಯಾಗಿ ಬೆಳಗುವ ಹಲಸು ಬೆಳಕಿಗೆ ಒಡ್ಡಿಕೊಂಡು ವರ್ಷಗಳಲ್ಲಿ ಜೇನುಗಂದಿಗೆ ತಿರುಗುತ್ತದೆ.

ನಮ್ಮ ಸುತ್ತಲೇ ಇರುವ ಮರಗಳು

ಕಡೆತ ಕಲಿಯಲು ಹೊರಟವರು ಮರದ ಅಂಗಡಿಗೆ ಓಡಬೇಕಿಲ್ಲ. ಮುಂಗಾರಿಗೆ ಮುಂಚಿನ ಗಾಳಿಮಳೆಗೆ ಬೆಂಗಳೂರು, ಮೈಸೂರಿನ ರಸ್ತೆಗಳಲ್ಲಿ ಉರುಳುವ ಮರಗಳಲ್ಲಿ ಕಡೆಯಲು ಯೋಗ್ಯವಾದವು ಬೇಕಾದಷ್ಟಿವೆ. ಸಂಬಂಧಪಟ್ಟವರ ಅನುಮತಿ ಪಡೆದು ತಂದರೆ ಸೌದೆಯಾಗಿ ಹೋಗುವ ಕಟ್ಟಿಗೆ ವಸ್ತುವಾಗಿ ಉಳಿಯುತ್ತದೆ. ಮಳೆಮರ ಇವುಗಳಲ್ಲಿ ಮೊದಲಿನದು. ಕಂದು ಚೇಗು, ಹಳದಿ ಅಂಚು, ಒಣಗುವಾಗ ಕುಗ್ಗುವುದು ಕಡಿಮೆ. ದಕ್ಷಿಣ ಅಮೆರಿಕ ಮೂಲದ ಈ ಮರದ ಬಟ್ಟಲುಗಳಿಗೆ ಹವಾಯಿ ದ್ವೀಪಗಳು ಹೆಸರಾಗಿವೆ. ನಮ್ಮಲ್ಲಿ ಅದು ಇನ್ನೂ ನೆರಳಿನ ಮರ ಮಾತ್ರ. ಜಕರಂಡದ ಕಟ್ಟಿಗೆ ತಿಳಿ ಬಣ್ಣದ್ದು, ಉಳಿಗೆ ಸುಲಭವಾಗಿ ಒಲಿಯುತ್ತದೆ. ಗುಲ್‌ಮೊಹರ್ ಮೆದು, ಬೇಗ ಹುಳು ಹಿಡಿಯುತ್ತದೆ. ನೀಲಗಿರಿ ಒಣಗುವಾಗ ತಿರುಚಿಕೊಂಡು ಸೀಳುತ್ತದೆ.

ತೋಟದ ಮಾವು ಕಲಿಯುವವರ ಒಳ್ಳೆಯ ಗೆಳೆಯ. ಹದವಾದ ಗಟ್ಟಿತನ, ಧಾರಾಳವಾಗಿ ಲಭ್ಯ, ಫಸಲು ನಿಂತ ಹಳೆಯ ಮರಗಳನ್ನು ರೈತರು ಹೇಗೂ ತೆಗೆಯುತ್ತಾರೆ. ಬೂಷ್ಟು ಹಿಡಿದ ಮಾವಿನಲ್ಲಿ ಕಪ್ಪು ಗೆರೆಗಳ ನಕ್ಷೆ ಮೂಡಿರುತ್ತದೆ, ಕೊಳೆತ ಆಳಕ್ಕಿಳಿಯುವ ಮೊದಲೇ ಕಡೆದು ಒಣಗಿಸಿದರೆ ಅದಕ್ಕೆ ಸಾಟಿಯಿಲ್ಲ. ಹುಣಸೆ ಗಟ್ಟಿ, ಹೆಣೆದ ನಾರಿನದು. ಒನಕೆ, ಕುಟ್ಟಣಿ, ಗೂಟಗಳಂಥ ಪೆಟ್ಟು ತಿನ್ನುವ ವಸ್ತುಗಳಿಗೆ ಅದೇ ಸರಿ. ಕರಿಜಾಲಿ ಗಾಡಿ ಚಕ್ರದ ಗುಂಬಕ್ಕೆ ಬಳಕೆಯಾದದ್ದು ಪೆಟ್ಟಿಗೂ ಸವೆತಕ್ಕೂ ಜಗ್ಗದ ಗುಣದಿಂದ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಕಿತ್ತೆಸೆಯುವ ಹಳೆಯ ಕಾಫಿ ಗಿಡದ ಬುಡವೂ ಒತ್ತಾದ ನಾರಿನ ತಿಳಿ ಬಣ್ಣದ ಕಟ್ಟಿಗೆ. ಚಮಚ, ಹಿಡಿಕೆ, ಮಣಿಗಳಿಗೆ ಸೊಗಸಾಗಿ ಬರುತ್ತದೆ. ಅದೇ ತೋಟದ ನೆರಳಿನ ಸಿಲ್ವರ್ ಓಕ್‌ನಲ್ಲಿ ಜರಿಯಂಥ ಮಿನುಗು ಚುಕ್ಕೆಗಳಿವೆ, ಆದರೆ ಅದರ ಹುಡಿ ಕೆಲವರ ಚರ್ಮಕ್ಕೆ ಆಗುವುದಿಲ್ಲ. ರಬ್ಬರ್ ಮರ ತಿಳಿ ಬಣ್ಣದ್ದು, ಅಗ್ಗ. ಹಾಲು ನಿಂತ ಮೇಲೆ ಕಡಿಯುವ ಮರವಾದ್ದರಿಂದ ಕಾಡಿನ ಮೇಲೆ ಭಾರವೂ ಇಲ್ಲ. ಅದರಲ್ಲಿ ಪಿಷ್ಟ ಹೆಚ್ಚಿರುವುದರಿಂದ ಕೊರಕ ಹುಳುವಿಗೆ ಹಬ್ಬ; ಬೋರಾನ್ ದ್ರಾವಣದಲ್ಲಿ ಉಪಚರಿಸದೆ ಬಳಸುವಂತಿಲ್ಲ. ಆಲೆ ಸಾಲದೆ ಹೋದಾಗ ಚನ್ನಪಟ್ಟಣವೂ ರಬ್ಬರ್ ಮರದ ಕಡೆ ತಿರುಗಿದೆ.

ಬೀಟೆ, ಶ್ರೀಗಂಧಗಳ ಮಾತು ಬೇರೆ. ಬೀಟೆಯ ಕುಲವಾದ ಡಾಲ್‌ಬರ್ಜಿಯಾ ಪೂರ್ತಿಯಾಗಿ 2017ರ ಜನವರಿಯಿಂದ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಲ್ಲಿದೆ. ಸ್ವಂತ ಜಮೀನಿನಲ್ಲಿದ್ದರೂ ಇವನ್ನು ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಹಳೆಯ ಪೀಠೋಪಕರಣಗಳ ಮುರಿದ ಕಾಲು, ಕಂಬಿಗಳಲ್ಲಿ ಸಿಗುವ ಬೀಟೆಯೇ ಸಣ್ಣ ವಸ್ತುಗಳಿಗೆ ಸಾಕು. ಕಾಡಿನ ಬೀಟೆಯನ್ನು ಕಾಡಿಗೇ ಬಿಡೋಣ.

ಕಲ್ಲು, ಕೊಂಬು, ಕರಟ

ಕಡೆತ ಮರಕ್ಕಷ್ಟೇ ಸೀಮಿತವಲ್ಲ ಎಂಬುದಕ್ಕೆ ಕನ್ನಡ ನಾಡಿನಲ್ಲಿರುವಷ್ಟು ದೊಡ್ಡ ಸಾಕ್ಷಿ ಇನ್ನೆಲ್ಲೂ ಸಿಗುವುದು ಕಷ್ಟ. ಲಕ್ಕುಂಡಿ, ಇಟಗಿಯ ಚಾಲುಕ್ಯ ಗುಡಿಗಳಲ್ಲಿ, 1117ರ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ, ಹಳೇಬೀಡಿನಲ್ಲಿ ನಿಂತಿರುವ ಕಂಬಗಳು ತಿರುಗಿಸಿ ಕಡೆದವು. ಗಂಟೆಯಾಕಾರದ ಉಬ್ಬು, ಚೂಪು ಅಂಚಿನ ಬಳೆಗಳು, ಕೂದಲೆಳೆಯಂಥ ವರ್ತುಲ ಗೆರೆಗಳು ಉಳಿ ನಿಂತು ಕಲ್ಲು ತಿರುಗಿದ ಕಥೆಯನ್ನು ಹೇಳುತ್ತವೆ. ಅದನ್ನು ಸಾಧ್ಯ ಮಾಡಿದ್ದು ಬಳಪದ ಕಲ್ಲು. ಗಣಿಯಿಂದ ತೆಗೆದ ಹೊಸತರಲ್ಲಿ ಮೆತ್ತಗಿದ್ದು, ಗಾಳಿಗೆ ಒಡ್ಡಿಕೊಂಡಂತೆ ಬಿಗಿಯಾಗುವ, ನುಣುಪಾದ ಕಣಗಳ ಕಲ್ಲು ಅದು. ಮುಂದೆ ವಿಜಯನಗರದವರು ಹಂಪಿಯಲ್ಲಿ ಬಹುತೇಕ ಗ್ರಾನೈಟ್ ಬಳಸಿದಾಗ ದುಂಡು ಕಡೆತ ಹಿಂದೆ ಸರಿದು ಚೌಕ ಮೈಯ ಕೆತ್ತನೆ ಮುಂದೆ ಬಂತು. ಸಾಮಗ್ರಿ ಬದಲಾದಾಗ ಒಂದು ನಾಡಿನ ವಾಸ್ತುಶೈಲಿಯ ಚಹರೆಯೇ ಬದಲಾದದ್ದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ.

ದಂತ ಒಂದು ಕಾಲದಲ್ಲಿ ಲೇತ್‌ನ ಅತ್ಯಂತ ಪ್ರಿಯ ಸಾಮಗ್ರಿಯಾಗಿತ್ತು. ನಾರಿಲ್ಲ, ಸಿಬಿರಿಲ್ಲ, ಚದುರಂಗದ ಕಾಯಿಗಳ ಎಳೆಯಂಥ ಕತ್ತನ್ನೂ ತಾಳಿಕೊಳ್ಳುತ್ತಿತ್ತು. ಅದಕ್ಕೆ ಆನೆಗಳು ಬೆಲೆ ತೆತ್ತವು. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1986 ಮತ್ತು 1991ರಲ್ಲಿ ತಂದ ತಿದ್ದುಪಡಿಗಳೊಂದಿಗೆ ದೇಶದಲ್ಲಿ ದಂತದ ವ್ಯಾಪಾರ ಪೂರ್ತಿ ನಿಂತಿತು, ನಿಲ್ಲಲೇಬೇಕಿತ್ತು. ಉತ್ತರಪ್ರದೇಶದ ಸಂಭಲ್‌ನಲ್ಲಿ ಎಮ್ಮೆಯ ಕೊಂಬು, ಎಲುಬಿನಲ್ಲಿ ಗುಂಡಿ, ಹಿಡಿಕೆ, ಬಟ್ಟಲುಗಳನ್ನು ಮಾಡುವ ಕಸುಬು ಇಂದಿಗೂ ಜೀವಂತವಾಗಿದೆ. ದಕ್ಷಿಣ ಅಮೆರಿಕದ ಟಾಗುವಾ ಎಂಬ ತಾಳೆಜಾತಿಯ ಬೀಜ ದಂತದಷ್ಟೇ ಬಿಳಿ, ಅಷ್ಟೇ ನುಣುಪು.

ತುಮಕೂರು, ಹಾಸನದ ತೆಂಗಿನ ಸೀಮೆಯಲ್ಲಿ ಕರಟವೇ ಒಂದು ಒಳ್ಳೆಯ ಸಾಮಗ್ರಿ. ತೆಳ್ಳಗಿದ್ದರೂ ಬಹಳ ಗಟ್ಟಿ, ಉಜ್ಜಿದರೆ ಕರಿ ಹೊಳಪು ಬರುತ್ತದೆ. ತೆಂಗಿನ ಕಾಂಡದ ಹೊರಭಾಗ ಕಬ್ಬಿಣದಂತೆ, ಒಳಭಾಗ ಬೆಂಡು. ಬುಡದ ಹೊರಸುತ್ತಿನ ತುಂಡು ಮಾತ್ರ ಕಡೆಯಲು ತಕ್ಕದ್ದು. ಅಕ್ರಿಲಿಕ್, ರೆಸಿನ್‌ಗಳನ್ನು ಇಂದು ಪೆನ್ನು, ಆಭರಣಗಳಿಗೆ ಬಹಳ ಬಳಸುತ್ತಾರೆ. ನಾರಿಲ್ಲದ ಕಾರಣ ಕೆಲಸ ಸಲೀಸು, ಬಿಸಿಯೇರಿದರೆ ಮಾತ್ರ ಮೈ ಕರಗಿ ಕೆಡುತ್ತದೆ. ಆದರೆ ಮರದ ಸಿಪ್ಪೆ ಗೊಬ್ಬರದ ಗುಂಡಿಗೆ ಹೋಗುತ್ತದೆ, ರೆಸಿನ್ನಿನ ಸಿಪ್ಪೆ ಎಲ್ಲಿಗೂ ಹೋಗುವುದಿಲ್ಲ.

ಮೈಗಾಗದ ಮರ

ಲೇತ್ ಹುಡಿಯನ್ನು ನೇರ ಮುಖಕ್ಕೆ ಎಸೆಯುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಮರದ ಹುಡಿಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಯಾವ ಮರವಾದರೂ ಮೂಗು, ಬಾಯಿಗೆ ಒಳ್ಳೆಯ ಮಾಸ್ಕ್ ಇರಲೇಬೇಕು. ಕೆಲವು ಮರಗಳನ್ನು ಮುಟ್ಟದಿರುವುದೇ ಲೇಸು. ಪಶ್ಚಿಮ ಘಟ್ಟದ ಹೊಳೆಗೇರಿನ ಕಪ್ಪು ಸೊನೆ ತಾಗಿದರೆ ಚರ್ಮ ಬೊಬ್ಬೆ ಏಳುತ್ತದೆ. ಕರಿಗೇರಿನದೂ ಅದೇ ಸ್ವಭಾವ. ಬೀಟೆಯ ಹುಡಿ ಹಲವರಿಗೆ ತುರಿಕೆ ತರುತ್ತದೆ. ಕಣಗಿಲೆ ಆಲೆಯ ಕುಟುಂಬದ್ದೇ ಆದರೂ ಗಿಡದ ಎಲ್ಲ ಭಾಗವೂ ವಿಷ. ತಿನ್ನುವ, ಕುಡಿಯುವ, ಮಕ್ಕಳು ಬಾಯಿಗಿಡುವ ವಸ್ತುವಿಗೆ ಹೆಸರು ಗೊತ್ತಿಲ್ಲದ ಮರವನ್ನು ಬಳಸಲೇಬಾರದು.

ನೆಟ್ಟರೆ ಮಾತ್ರ ಕಸುಬು

ಚನ್ನಪಟ್ಟಣದ ಗೊಂಬೆಯ ಬಗ್ಗೆ ಮಾತಾಡುವಾಗ ನಾವು ಮಾರುಕಟ್ಟೆ, ವಿನ್ಯಾಸ, ಚೀನಾದ ಪ್ಲಾಸ್ಟಿಕ್ ಆಟಿಕೆ ಇವುಗಳ ಬಗ್ಗೆ ಬಹಳ ಹೇಳುತ್ತೇವೆ. ಆಲೆ ಮರದ ಮಾತು ಬರುವುದು ಅಪರೂಪ. ಭೌಗೋಳಿಕ ಸೂಚಿಕೆ ಕಸುಬಿನ ಹೆಸರನ್ನು ಕಾಯಬಲ್ಲದು, ಅದಕ್ಕೆ ಬೇಕಾದ ಕೊಂಬೆಯನ್ನು ಬೆಳೆಸಲಾರದು. ಬೇಲಿಗಳು ಕಾಂಕ್ರೀಟ್ ಕಂಬ, ಮುಳ್ಳುತಂತಿಗೆ ತಿರುಗಿದಂತೆ, ಗುಡ್ಡಗಳು ಬಡಾವಣೆಗಳಾದಂತೆ ಆಲೆಯ ನೆಲೆ ಕುಗ್ಗುತ್ತಿದೆ.

ಪರಿಹಾರ ಕಷ್ಟದ್ದೇನೂ ಅಲ್ಲ. ಆಲೆ ಒಣ ನೆಲದಲ್ಲಿ, ಕಲ್ಲು ಮಣ್ಣಿನಲ್ಲಿ ಬೆಳೆಯುತ್ತದೆ. ಕಡಿದ ಬುಡ ಮತ್ತೆ ಚಿಗುರುತ್ತದೆ. ಗೊಂಬೆಗೆ ಬೇಕಾದದ್ದು ಕೊಂಬೆಯ ಗಾತ್ರದ ಕಟ್ಟಿಗೆಯಾದ್ದರಿಂದ ಇಡೀ ಮರ ಉರುಳಿಸಬೇಕಿಲ್ಲ, ನೂರು ವರ್ಷ ಕಾಯಬೇಕಿಲ್ಲ. ರಾಮನಗರ, ಚನ್ನಪಟ್ಟಣ, ಮಾಗಡಿ, ಕನಕಪುರದ ರೈತರು ಬದುಗಳಲ್ಲಿ ಆಲೆ ನೆಟ್ಟು ಸರದಿಯಂತೆ ಕೊಂಬೆ ಕೊಯ್ದು ಮಾರುವಂತಾದರೆ, ಕಡೆಯುವವರಿಗೆ ಮರವೂ ರೈತರಿಗೆ ಆದಾಯವೂ ಒಟ್ಟಿಗೆ ಸಿಗುತ್ತದೆ. ಅರಣ್ಯ ಇಲಾಖೆಯ ನರ್ಸರಿಗಳು ಸಾಗುವಾನಿ, ಸಿಲ್ವರ್ ಓಕ್ ಸಸಿಗಳ ಜೊತೆ ಆಲೆ ಸಸಿಯನ್ನೂ ಧಾರಾಳವಾಗಿ ಬೆಳೆಸಿ ಕೊಡಬೇಕು. ಮಾರಾಟ ಸಂಘಗಳು ಕಡೆಯುವವರಿಗೂ ಬೆಳೆಯುವವರಿಗೂ ನಡುವೆ ಮುಂಚಿತವಾಗಿ ಬೆಲೆ ಗೊತ್ತು ಮಾಡಬೇಕು. ಗೊಂಬೆ ಕೊಳ್ಳುವ ನಾವು ಇದು ಯಾವ ಮರ, ಎಲ್ಲಿಂದ ಬಂದದ್ದು ಎಂದು ಅಂಗಡಿಯವರನ್ನು ಕೇಳಬೇಕು. ಕೊಳ್ಳುವವರು ಕೇಳತೊಡಗಿದರೆ ಅಂಗಡಿಯವರು ಕಡೆಯುವವರನ್ನು ಕೇಳುತ್ತಾರೆ, ಕಡೆಯುವವರು ರೈತರನ್ನು ಹುಡುಕುತ್ತಾರೆ, ಬದುವಿಗೆ ಆಲೆಯ ಸಸಿ ಬರುತ್ತದೆ.